ನಂಬಿದ್ರೆ ನಂಬಿ, ಬಿಟ್ರೆ ಬಿಡಿ: ರಿಪ್ಲಿ ಕಾರ್ಟೂನಿನ ಕಥೆ ಮತ್ತು ನಮ್ಮ ಲೆಕ್ಕ

ನಮ್ಮ ಕಡೆ ಯಾರಾದರೂ ದೊಡ್ಡ ಸುದ್ದಿ ಹೇಳೋಕೆ ಮುಂಚೆ ಒಂದು ಮಾತು ಸೇರಿಸ್ತಾರೆ: ನಂಬಿದ್ರೆ ನಂಬು, ಬಿಟ್ರೆ ಬಿಡು. ಹೆಚ್ಚು ಕಡಿಮೆ ಇದೇ ಅರ್ಥದ ಹೆಸರಿಟ್ಟುಕೊಂಡು ಅಮೆರಿಕದಲ್ಲಿ ಒಂದು ಪತ್ರಿಕಾ ಕಾರ್ಟೂನ್ ನೂರು ವರ್ಷ ದಾಟಿದೆ. ಅದೇ 'ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್'. ಅದರಲ್ಲಿ ಹೀರೊ ಇಲ್ಲ, ಕಥೆ ಇಲ್ಲ, ಜೋಕ್ ಕೂಡ ಇಲ್ಲ. ಜಗತ್ತಿನ ವಿಚಿತ್ರ ಸಂಗತಿಗಳನ್ನ ಚಿತ್ರ ಬರೆದು, ಕೆಳಗೆ ಒಂದೆರಡು ಸಾಲು ಹಾಕೋದು, ಅಷ್ಟೇ.

ಇದೇ ಕೆಲಸವನ್ನ ಈಗ ನಮ್ಮ ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್‌ಗಳು ಬೆಳಿಗ್ಗೆಯಿಂದ ರಾತ್ರಿವರೆಗೂ ಮಾಡ್ತಾ ಇವೆ. ಹಾಗಾದ್ರೆ ಆ ಕಾರ್ಟೂನ್ ಇಷ್ಟು ವರ್ಷ ಹೇಗೆ ಬಾಳಿತು? ಫಾರ್ವರ್ಡ್ ಯಾಕೆ ಎರಡೇ ದಿನದಲ್ಲಿ ಸುಳ್ಳು ಅಂತ ಗೊತ್ತಾಗುತ್ತೆ? ಈ ಲೇಖನದಲ್ಲಿ ಅದನ್ನ ನೋಡೋಣ. ಮಧ್ಯದಲ್ಲಿ ಸ್ವಲ್ಪ ಲೆಕ್ಕ ಬರುತ್ತೆ. ಇಂಜಿನಿಯರಿಂಗ್ ಓದ್ತಾ ಇದ್ದೀವಲ್ಲ, ಹೆದರಬೇಡಿ.

ಶುರುವಾಗಿದ್ದು ಆಟದ ಪುಟದಲ್ಲಿ

ರಾಬರ್ಟ್ ರಿಪ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ. ಬೇಸ್‌ಬಾಲ್ ಹುಚ್ಚು, ಚಿತ್ರ ಬರೆಯೋ ಕೈ. ಓದು ಮುಗಿಸದೇ ಪತ್ರಿಕೆಗಳಿಗೆ ಆಟದ ಕಾರ್ಟೂನ್ ಬರೆಯೋಕೆ ಸೇರಿಕೊಂಡರು. 1918ರ ಡಿಸೆಂಬರ್ 19ರಂದು 'ನ್ಯೂಯಾರ್ಕ್ ಗ್ಲೋಬ್' ಪತ್ರಿಕೆಯಲ್ಲಿ ಅವರ ಒಂದು ಕಾರ್ಟೂನ್ ಬಂತು. ಹೆಸರು 'ಚಾಂಪ್ಸ್ ಆಂಡ್ ಚಂಪ್ಸ್', ಅಂದ್ರೆ ಶೂರರು ಮತ್ತು ಪೆದ್ದರು. ಅದರಲ್ಲಿ ಇದ್ದಿದ್ದು ಬರೀ ಆಟದ ವಿಚಿತ್ರಗಳು: 100 ಗಜವನ್ನ ಹಿಂದುಮುಂದಾಗಿ 14 ಸೆಕೆಂಡಲ್ಲಿ ಓಡಿದ ಟೊರಾಂಟೊದವನು, 4 ಗಂಟೆಯಲ್ಲಿ 11,810 ಸಲ ಹಗ್ಗ ಹಾರಿದ ಆಸ್ಟ್ರೇಲಿಯಾದವನು, ಹೀಗೆ.

ಇಲ್ಲೇ ಒಂದು ಸಣ್ಣ ಲೆಕ್ಕ ಮಾಡೋಣ. 11,810 ಅಂದಾಗ ಅಬ್ಬಾ ಅನಿಸುತ್ತೆ. ಅದನ್ನ 240 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 49 ಸಲ. ನಮ್ಮ ಹಾಸ್ಟೆಲ್ ಟೆರೇಸಲ್ಲಿ ಯಾರು ಬೇಕಾದರೂ ಒಂದು ನಿಮಿಷ ಇದನ್ನ ಮಾಡಬಹುದು. ಹಾಗಾಗಿ ಇಲ್ಲಿ ವಿಸ್ಮಯ ವೇಗದಲ್ಲಿಲ್ಲ, 4 ಗಂಟೆ ನಿಲ್ಲಿಸದೇ ಹಾರೋ ದಮ್ಮಲ್ಲಿದೆ. ದೊಡ್ಡ ಸಂಖ್ಯೆ ಕಂಡ ತಕ್ಷಣ ಅದನ್ನ ಪ್ರತಿ ನಿಮಿಷಕ್ಕೆ, ಪ್ರತಿ ಮನುಷ್ಯನಿಗೆ ಇಳಿಸಿ ನೋಡಬೇಕು. ಆಗ ಆಶ್ಚರ್ಯ ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುತ್ತೆ.

ಮುಂದಿನ ವರ್ಷ, 1919ರಲ್ಲಿ, ಆಟದ ಜೊತೆಗೆ ಬೇರೆ ವಿಚಿತ್ರಗಳೂ ಸೇರಿಕೊಂಡವು. ಹೆಸರು 'ಬಿಲೀವ್ ಇಟ್ ಆರ್ ನಾಟ್' ಅಂತ ಬದಲಾಯಿತು. 1922-23ರಲ್ಲಿ ರಿಪ್ಲಿ ಪ್ರಪಂಚ ಸುತ್ತೋಕೆ ಹೊರಟು ಭಾರತಕ್ಕೂ ಬಂದು ಕಾಶಿ ನೋಡಿ ಹೋದರು. 1923ರಲ್ಲಿ ಗ್ಲೋಬ್ ನಿಂತು ಹೋಯಿತು. ಕಾರ್ಟೂನ್ ಇನ್ನೊಂದು ಪತ್ರಿಕೆಗೆ ಹೋಯಿತು. 1929ರಲ್ಲಿ ಪುಸ್ತಕವಾಗಿ ಬಂತು, ಅದೇ ವರ್ಷ ಹರ್ಸ್ಟ್ ಅವರ ಕಿಂಗ್ ಫೀಚರ್ಸ್ ಸಂಸ್ಥೆಯ ಮೂಲಕ ಊರೂರಿನ ಪತ್ರಿಕೆಗಳಿಗೆ ಹಂಚಿಕೆ ಶುರುವಾಯಿತು. ಜೋರಾಗಿದ್ದ ಕಾಲದಲ್ಲಿ 300ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ, ಹತ್ತಾರು ಭಾಷೆಗಳಲ್ಲಿ ಬರ್ತಿತ್ತು. ಆಮೇಲೆ ರೇಡಿಯೊ, ಮ್ಯೂಸಿಯಂ, ಟಿ.ವಿ. ಎಲ್ಲಾ ಬಂದವು. ರಿಪ್ಲಿ 1949ರ ಮೇ ತಿಂಗಳಲ್ಲಿ ತೀರಿಕೊಂಡರು. ಕಾರ್ಟೂನ್ ನಿಲ್ಲಲಿಲ್ಲ, ಬೇರೆ ಬೇರೆ ಕಲಾವಿದರು ಮುಂದುವರಿಸಿದರು.

ಓದುಗರೂ ಇದಕ್ಕೆ ಸಂಗತಿಗಳನ್ನ ಕಳಿಸ್ತಿದ್ದರು. 1937ರಲ್ಲಿ 14 ವರ್ಷದ ಒಬ್ಬ ಹುಡುಗ ತನ್ನ ಮನೆ ನಾಯಿ ಪಿನ್ನು, ಮೊಳೆ, ಬ್ಲೇಡು ತಿನ್ನುತ್ತೆ ಅಂತ ಚಿತ್ರ ಬರೆದು ಕಳಿಸಿದ. ಅದು ಅಚ್ಚಾಯಿತು. ಆ ಹುಡುಗ ಚಾರ್ಲ್ಸ್ ಶುಲ್ಜ್. ಮುಂದೆ 'ಪೀನಟ್ಸ್' ಕಾರ್ಟೂನ್ ಬರೆದವರು, ಸ್ನೂಪಿ ನಾಯಿಯನ್ನ ಸೃಷ್ಟಿ ಮಾಡಿದವರು.

ಹೆಸರು ಬರದ ಮನುಷ್ಯ

ನಮಗೆ ಈ ಕಥೆಯಲ್ಲಿ ತುಂಬ ಇಷ್ಟ ಆದವರು ರಿಪ್ಲಿ ಅಲ್ಲ, ನಾರ್ಬರ್ಟ್ ಪರ್ಲ್‌ರಾತ್.

1923ರಲ್ಲಿ ರಿಪ್ಲಿಗೆ ಬೇರೆ ಭಾಷೆಗಳನ್ನ ಓದಬಲ್ಲ ಸಹಾಯಕ ಬೇಕಿತ್ತು. ಪರ್ಲ್‌ರಾತ್ ಹತ್ತಕ್ಕಿಂತ ಹೆಚ್ಚು ಭಾಷೆ ಬಲ್ಲವರು, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಬಂದು ಸೇರಿದರು. ಅಲ್ಲಿಂದ 1975ರವರೆಗೆ, ಲೆಕ್ಕ ಹಾಕಿ, 52 ವರ್ಷ, ಅವರ ಆಫೀಸು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಓದುವ ಕೋಣೆ. ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ. ಪುಸ್ತಕ ತೆಗೆಯೋದು, ಓದೋದು, ಬರೆದುಕೊಳ್ಳೋದು. ರಿಪ್ಲಿ ಊರೂರು ಸುತ್ತಿ ಫೋಟೊದಲ್ಲಿ ಕಾಣಿಸಿಕೊಳ್ಳುವಾಗ, ಕಾರ್ಟೂನಿಗೆ ಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಬರ್ತಿದ್ದಿದ್ದು ಆ ಕೋಣೆಯ ಮೇಜಿನಿಂದ.

ಕಾರ್ಟೂನ್ ಬಾಳಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನಮ್ಮ ಅಭಿಪ್ರಾಯ. ಓದುಗರು ಸುಳ್ಳುಗಾರ ಅಂತ ಬೈದು ಪತ್ರ ಬರೆದರೆ ರಿಪ್ಲಿಗೆ ಬೇಜಾರಾಗ್ತಿರಲಿಲ್ಲ, ಖುಷಿ ಆಗ್ತಿತ್ತು. ಯಾಕಂದ್ರೆ ತೋರಿಸೋಕೆ ಆಧಾರ ಇತ್ತು. ಹೆಸರೇನೋ 'ನಂಬಿದ್ರೆ ನಂಬಿ', ಆದ್ರೆ ಒಳಗಿನ ಕೆಲಸ 'ಕೇಳಿದ್ರೆ ತೋರಿಸ್ತೀವಿ'.

ನಮ್ಮ ಲ್ಯಾಬ್ ರೆಕಾರ್ಡಿಗೂ ಇದೇ ನಿಯಮ ತಾನೆ? ವೈವಾದಲ್ಲಿ ಮೇಡಂ "ಈ ರೀಡಿಂಗ್ ಎಲ್ಲಿಂದ ಬಂತು?" ಅಂದಾಗ ಅಬ್ಸರ್ವೇಶನ್ ಬುಕ್ ತೆಗೆದು ತೋರಿಸಬೇಕು. ಗ್ರಾಫ್ ಎಷ್ಟು ಚೆನ್ನಾಗಿದ್ರೂ ರೀಡಿಂಗ್ ಇಲ್ಲದಿದ್ರೆ ಮಾರ್ಕ್ಸ್ ಇಲ್ಲ.

ಲೆಕ್ಕ 1: ಲಿಂಡ್‌ಬರ್ಗ್ ಎಷ್ಟನೆಯವರು?

1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ವಿಮಾನ ನಡೆಸಿಕೊಂಡು, ಎಲ್ಲೂ ನಿಲ್ಲದೆ, ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೋದರು. ಅಮೆರಿಕಕ್ಕೆ ಅವರು ದೇವರ ಥರ ಆಗಿಬಿಟ್ಟರು. ರಿಪ್ಲಿ ಮಾತ್ರ ತಮ್ಮ ಕಾರ್ಟೂನಲ್ಲಿ, ಅಟ್ಲಾಂಟಿಕ್ ಸಾಗರವನ್ನ ನಿಲ್ಲದೆ ಹಾರಿ ದಾಟಿದವರಲ್ಲಿ ಲಿಂಡ್‌ಬರ್ಗ್ 67ನೆಯವರು ಅಂತ ಹಾಕಿದರು. ಓದುಗರಿಂದ ಕೋಪದ ಪತ್ರಗಳ ಮಳೆ.

ರಿಪ್ಲಿಯವರ ಲೆಕ್ಕ ಹೀಗಿತ್ತು. 1919ರ ಜೂನ್‌ನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಇಬ್ಬರು ವಿಮಾನದಲ್ಲಿ ದಾಟಿದ್ದರು: 2. ಅದೇ ವರ್ಷ ಜುಲೈನಲ್ಲಿ ಬ್ರಿಟನ್ನಿನ ಆರ್-34 ವಾಯುನೌಕೆಯಲ್ಲಿ: 31. 1924ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದ ಜೆಪೆಲಿನ್‌ನಲ್ಲಿ: 33. ಒಟ್ಟು 66. ಮುಂದಿನವರು ಲಿಂಡ್‌ಬರ್ಗ್.

ಇಲ್ಲಿ ಯಾರು ಸರಿ? ಇಬ್ಬರೂ ಸರಿ. ಓದುಗರ ತಲೆಯಲ್ಲಿದ್ದ ಪ್ರಶ್ನೆ "ಒಬ್ಬನೇ ಹಾರಿದವರಲ್ಲಿ ಮೊದಲಿಗ ಯಾರು?" ರಿಪ್ಲಿ ಉತ್ತರ ಕೊಟ್ಟಿದ್ದು "ಒಟ್ಟು ಎಷ್ಟು ಜನ ದಾಟಿದ್ದಾರೆ?" ಅನ್ನೋ ಪ್ರಶ್ನೆಗೆ. 'ಒಬ್ಬರೇ' ಅನ್ನೋ ಒಂದು ಪದ ತೆಗೆದ ತಕ್ಷಣ 1 ಹೋಗಿ 67 ಆಯಿತು. ವಿಚಿತ್ರ ಸಂಗತಿಗಳಲ್ಲಿ ಅರ್ಧಕ್ಕರ್ಧ ಹುಟ್ಟೋದು ಹೀಗೆ, ವ್ಯಾಖ್ಯೆ ಬದಲಾಯಿಸಿದಾಗ. ಇಂಟರ್ನಲ್ಸಲ್ಲಿ ನಾವು ಪ್ರಶ್ನೆಯನ್ನ ಎರಡು ಸಲ ಓದ್ತೀವಲ್ಲ, ಫಾರ್ವರ್ಡನ್ನೂ ಹಾಗೇ ಓದಬೇಕು.

ಲೆಕ್ಕ 2: ಮುಗಿಯದ ಮೆರವಣಿಗೆ

ರಿಪ್ಲಿಯವರ ತುಂಬ ಹೆಸರಾದ ಇನ್ನೊಂದು ಕಾರ್ಟೂನ್: ಚೀನಾದ ಜನರೆಲ್ಲಾ ಒಂದು ಸಾಲಿಗೆ 4 ಜನರಂತೆ ನಡೆದು ಒಂದು ಜಾಗವನ್ನ ದಾಟಿ ಹೋಗೋಕೆ ಶುರು ಮಾಡಿದರೆ, ಆ ಮೆರವಣಿಗೆ ಎಂದೂ ಮುಗಿಯೋದಿಲ್ಲ.

ನಿಜವಾ? ಕೆ.ಆರ್. ನಗರ ಬಸ್ ಸ್ಟ್ಯಾಂಡಿನ ಮುಂದೆ ನಿಂತುಕೊಂಡು ಎಣಿಸ್ತಾ ಇದ್ದೀವಿ ಅಂತ ಇಟ್ಟುಕೊಳ್ಳಿ. ಒಟ್ಟು ಜನ 60 ಕೋಟಿ. ಪ್ರತಿ ಸೆಕೆಂಡಿಗೆ ಒಂದು ಸಾಲು, ಅಂದ್ರೆ 4 ಜನ ದಾಟ್ತಾರೆ. ಸೈನಿಕರ ಹಾಗೆ ಗಂಟೆಗೆ 3 ಮೈಲಿ ವೇಗದಲ್ಲಿ ದಿನಕ್ಕೆ 15 ಮೈಲಿ ಮಾತ್ರ ನಡೀತಾರೆ, ಅಂದ್ರೆ ದಿನಕ್ಕೆ 5 ಗಂಟೆ.

ಗಂಟೆಗೆ 4 × 3,600 = 14,400 ಜನ.
ದಿನಕ್ಕೆ 14,400 × 5 = 72,000 ಜನ.
ವರ್ಷಕ್ಕೆ 72,000 × 365 = 2.628 ಕೋಟಿ ಜನ.
60 ಕೋಟಿ ÷ 2.628 ಕೋಟಿ = ಸುಮಾರು 22.8 ವರ್ಷ.

ಅಷ್ಟು ವರ್ಷ ಆಗುವಾಗ ಹಿಂದೆ ಕಾಯ್ತಾ ಇರೋರಿಗೆ ಮಕ್ಕಳು ಹುಟ್ಟಿ, ಬೆಳೆದು, ಅವರೂ ಸಾಲಿಗೆ ಸೇರ್ತಾರೆ. ವರ್ಷಕ್ಕೆ 2.628 ಕೋಟಿಗಿಂತ ಹೆಚ್ಚು ಮಕ್ಕಳು ಹುಟ್ಟಿದರೆ ಸಾಲು ಕರಗೋದೇ ಇಲ್ಲ. ಕ್ಯೂಯಿಂಗ್ ಥಿಯರಿ ಗೊತ್ತಿರೋರಿಗೆ ಇದು ಹಳೇ ಪಾಠ: ಬಂದು ಸೇರುವ ದರ, ದಾಟಿ ಹೋಗುವ ದರಕ್ಕಿಂತ ಹೆಚ್ಚಾದರೆ ಕ್ಯೂ ಬೆಳೀತಾನೇ ಇರುತ್ತೆ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮೆಸ್ಸಿನ ಮುಂದೆ ಆಗೋದೂ ಅದೇ.

ಈಗ ಒಂದೇ ಒಂದು ಊಹೆ ಬದಲಾಯಿಸೋಣ. 5 ಗಂಟೆ ಬದಲು 24 ಗಂಟೆಯೂ ಮೆರವಣಿಗೆ ನಡೀಲಿ, ಜನ ಸರದಿ ಮೇಲೆ ಬರಲಿ. ದಿನಕ್ಕೆ 3,45,600 ಜನ, ವರ್ಷಕ್ಕೆ ಸುಮಾರು 12.6 ಕೋಟಿ. 60 ಕೋಟಿ ಜನ ದಾಟೋಕೆ 5 ವರ್ಷ ಕೂಡ ಬೇಡ. ಆ ಮಧ್ಯೆ ಹುಟ್ಟೋರನ್ನ ಸೇರಿಸಿದರೂ ಮೆರವಣಿಗೆ ಮುಗಿದೇ ಮುಗಿಯುತ್ತೆ. ಇನ್ನು ಕಾಯ್ತಾ ಇರೋರಲ್ಲಿ ವಯಸ್ಸಾಗಿ ಸಾಯೋರನ್ನ ನಾವು ಮೊದಲಿನ ಲೆಕ್ಕದಲ್ಲೂ ಕಳೆದಿರಲಿಲ್ಲ!

ನೋಡಿ, 'ಎಂದೂ ಮುಗಿಯದ' ಅನ್ನೋ ವಿಸ್ಮಯ ಕೂತಿದ್ದಿದ್ದು 'ದಿನಕ್ಕೆ 15 ಮೈಲಿ' ಅನ್ನೋ ಸಣ್ಣ ಷರತ್ತಿನಲ್ಲಿ. ಅದು ಸುಳ್ಳು ಅಂತ ನಾವು ಹೇಳ್ತಿಲ್ಲ. ಊಹೆ ಏನು ಅಂತ ಕೇಳದೇ ಉತ್ತರ ಒಪ್ಪಬಾರದು ಅಂತ ಹೇಳ್ತಾ ಇದ್ದೀವಿ.

ಒಂದು ದೇಶದ ಗೀತೆ

ಈ ಕಾರ್ಟೂನ್ ಬರೀ ಟೈಂಪಾಸ್ ಆಗಿರಲಿಲ್ಲ ಅನ್ನೋದಕ್ಕೆ ಒಂದು ಉದಾಹರಣೆ. 1929ರ ನವೆಂಬರ್ 3ರಂದು ರಿಪ್ಲಿ, ಅಮೆರಿಕಕ್ಕೆ ರಾಷ್ಟ್ರಗೀತೆಯೇ ಇಲ್ಲ ಅಂತ ಹಾಕಿದರು. ಜನ ದಂಗಾದರು. ಎಲ್ಲರೂ ಎದ್ದು ನಿಂತು ಹಾಡ್ತಿದ್ದ ಹಾಡೊಂದಿತ್ತು, ಆದ್ರೆ ಸಂಸತ್ತು ಅದನ್ನ ಕಾನೂನಾಗಿ ಒಪ್ಪಿರಲಿಲ್ಲ. ಲಕ್ಷಾಂತರ ಜನ ಸಹಿ ಹಾಕಿ ಮನವಿ ಕಳಿಸಿದರು. 1931ರ ಮಾರ್ಚ್ 3ರಂದು ಅಧ್ಯಕ್ಷ ಹೂವರ್ ಸಹಿ ಹಾಕಿದ ಮೇಲೆ 'ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್' ಅಧಿಕೃತ ರಾಷ್ಟ್ರಗೀತೆ ಆಯಿತು.

ನಮ್ಮ ಮನೆಯಲ್ಲೂ ಇಂಥದ್ದೊಂದಿದೆ. ಈಗಿನ ರಾಜ್ಯ ಒಂದಾಗಿದ್ದು 1956ರಲ್ಲಿ, ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಕಾಲೇಜಿನ ಪ್ರತಿ ಫಂಕ್ಷನ್ನಲ್ಲೂ ನಾವು ಎದ್ದು ನಿಲ್ಲೋ ಕುವೆಂಪು ಅವರ ಕವಿತೆ ಅಧಿಕೃತ ನಾಡಗೀತೆ ಆಗಿದ್ದು ಮಾತ್ರ 2004ರಲ್ಲಿ. ಅಂದ್ರೆ ನಮ್ಮ ಅಣ್ಣ ಅಕ್ಕಂದಿರಲ್ಲಿ ಕೆಲವರು ನಾಡಗೀತೆಗಿಂತ ದೊಡ್ಡವರು. ರಿಪ್ಲಿ ಥರ ಒಂದು ಚಿತ್ರ ಬರೆದು ನೋಟಿಸ್ ಬೋರ್ಡಿಗೆ ಹಾಕಿದರೆ ಎಷ್ಟು ಜನ ನಂಬ್ತಾರೆ?

ಇದರ ಪಕ್ಕದಲ್ಲಿ ಇನ್ನೊಂದನ್ನ ಇಡಿ. "ಯುನೆಸ್ಕೊ ನಮ್ಮ ಜನ ಗಣ ಮನವನ್ನ ಪ್ರಪಂಚದ ಶ್ರೇಷ್ಠ ರಾಷ್ಟ್ರಗೀತೆ ಅಂತ ಘೋಷಿಸಿದೆ, ಎಲ್ಲರಿಗೂ ಕಳಿಸಿ." ಹತ್ತು ವರ್ಷಕ್ಕೂ ಮೇಲಿಂದ ಓಡಾಡ್ತಾ ಇರೋ ಮೆಸೇಜು. ಯುನೆಸ್ಕೊ ಅಂಥ ಘೋಷಣೆ ಮಾಡೇ ಇಲ್ಲ. ಎರಡೂ ಸಂಗತಿ ರಾಷ್ಟ್ರಗೀತೆ ಬಗ್ಗೆನೇ. ಒಂದು ಜನರ ಹೆಮ್ಮೆಗೆ ಸ್ವಲ್ಪ ಚುಚ್ಚಿತು, ಆದ್ರೆ ನಿಜ, ಅದರಿಂದ ಒಂದು ಕೆಲಸ ಆಯಿತು. ಇನ್ನೊಂದು ಹೆಮ್ಮೆಗೆ ಬೆಣ್ಣೆ ಹಚ್ಚಿತು, ಆದ್ರೆ ಸುಳ್ಳು. ಜನ ಗಣ ಮನ ದೊಡ್ಡ ಹಾಡು ಅನ್ನೋಕೆ ಸುಳ್ಳು ಸರ್ಟಿಫಿಕೇಟ್ ಬೇಕಿಲ್ಲ.

ಯಾರು ವಿಚಿತ್ರ?

ಹೊಗಳಿದ್ದಾಯಿತು, ಇನ್ನೊಂದು ಮುಖವನ್ನೂ ನೋಡಬೇಕು. 1933ರಲ್ಲಿ ಶಿಕಾಗೋ ವಿಶ್ವಮೇಳದಲ್ಲಿ ರಿಪ್ಲಿ ಒಂದು ಪ್ರದರ್ಶನ ತೆರೆದರು. ಹೆಸರು 'ಆಡಿಟೋರಿಯಂ'. ನಮ್ಮ ಕಾಲೇಜಿನ ಆಡಿಟೋರಿಯಂ ಅಲ್ಲ. ಇದರಲ್ಲಿರೋ 'ಆಡ್' ಅಂದ್ರೆ ವಿಚಿತ್ರ. ಅಲ್ಲಿ ವಸ್ತುಗಳ ಜೊತೆಗೆ ಮನುಷ್ಯರೂ ಇದ್ದರು, ದೇಹ ಬೇರೆ ಥರ ಇರೋರು, ಕೈಕಾಲು ಇಲ್ಲದವರು. ದುಡ್ಡು ಕೊಟ್ಟು ನೋಡೋಕೆ ಲಕ್ಷಗಟ್ಟಲೆ ಜನ ಬಂದರು. ಕಾರ್ಟೂನಲ್ಲಿ ಭಾರತ ಬಂದಾಗಲೂ ಹೆಚ್ಚಾಗಿ ಬಂದಿದ್ದು ಹೀಗೇ: ವರ್ಷಗಟ್ಟಲೆ ಕೈ ಮೇಲೆತ್ತಿಕೊಂಡಿರೋ ಸಾಧು, ಮುಳ್ಳಿನ ಹಾಸಿಗೆ ಮೇಲೆ ಮಲಗಿರೋ ಬೈರಾಗಿ.

ಅಲ್ಲಿ ಕೂತು ನೋಡೋರಿಗೆ ನಾವು ವಿಚಿತ್ರ. ಇದು ಓದಿದಾಗ ನಮಗೆ ಸ್ವಲ್ಪ ಇರುಸುಮುರುಸಾಯಿತು. ಆದ್ರೆ ನಾವೇನು ಕಮ್ಮಿ ಇಲ್ಲ. ನಮ್ಮ ಕ್ಲಬ್ಬಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರೂ ಇದ್ದಾರೆ. ಕೋಟೆ ಕಾಡಂಚಿನ ಜೇನು ಕುರುಬರು ಎತ್ತರದ ಮರ ಹತ್ತಿ ಹೆಜ್ಜೇನು ಬಿಡಿಸೋದು ಒಂದು ವಿದ್ಯೆ, ತಲೆಮಾರುಗಳಿಂದ ಬಂದ ಕೆಲಸ. ರೀಲ್ಸಲ್ಲಿ ಅದು ಬರೋದು "ಶಾಕಿಂಗ್" ಅನ್ನೋ ಹೆಸರಲ್ಲಿ, ಬ್ಯಾಕ್‌ಗ್ರೌಂಡಲ್ಲಿ ಹಾರರ್ ಮ್ಯೂಸಿಕ್ ಹಾಕಿಕೊಂಡು. ಯಾವ ಕಾಲದಲ್ಲಿ ಬಿಡಿಸ್ತಾರೆ, ಎಷ್ಟು ತಟ್ಟು ಬಿಡ್ತಾರೆ, ಯಾಕೆ ಬಿಡ್ತಾರೆ ಅಂತ ಕೇಳೋರಿಲ್ಲ. ವಿಸ್ಮಯ ಪಡೋದಕ್ಕೂ ಮನುಷ್ಯರನ್ನ ಬೊಂಬೆ ಮಾಡೋದಕ್ಕೂ ವ್ಯತ್ಯಾಸ ಇದೆ. ಆ ಮನುಷ್ಯನ ಮುಂದೆ ನಿಂತು ಅದೇ ಸಾಲನ್ನ ಓದಿ ಹೇಳೋಕೆ ನಮಗೆ ಧೈರ್ಯ ಇದ್ಯಾ? ಇಲ್ಲ ಅಂದ್ರೆ ಆ ಸಾಲು ಬರೀಬಾರದು.

ಇಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ನೆನಪಾಗ್ತಾರೆ. ಡಾ. ಎಂ. ಶಿವರಾಂ ಅವರ ಕನ್ನಡ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದವರು, ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ದಶಕಗಳ ಕಾಲ 'ಯು ಸೆಡ್ ಇಟ್' ಬರೆದವರು. ರಿಪ್ಲಿ ದೂರದ ವಿಚಿತ್ರವನ್ನ ಹುಡುಕಿಕೊಂಡು ಹೋದರು. ಲಕ್ಷ್ಮಣ್ ಚೌಕಳಿ ಕೋಟಿನ ಒಬ್ಬ ಸಾಮಾನ್ಯ ಮನುಷ್ಯನನ್ನ ಮೂಲೆಯಲ್ಲಿ ನಿಲ್ಲಿಸಿ, ನಾವು ದಿನಾ ನೋಡೋದೇ ಎಷ್ಟು ವಿಚಿತ್ರ ಅಂತ ತೋರಿಸಿದರು. ನಮಗೆ ಎರಡೂ ಬೇಕು.

ಚುಂಚನಕಟ್ಟೆಯ ಪ್ರಯೋಗ

ಈಗ ನಮ್ಮೂರ ಕಡೆಗೆ ಬರೋಣ. ಹೊಸ ಅಗ್ರಹಾರದ ಸುತ್ತಮುತ್ತ ಬೆಳೆದವರಿಗೆಲ್ಲಾ ಚುಂಚನಕಟ್ಟೆ ಗೊತ್ತು. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತೆ, ಪಕ್ಕದಲ್ಲೇ ಕೋದಂಡರಾಮನ ದೇವಸ್ಥಾನ. ಆ ಜಾಗದ ಬಗ್ಗೆ ಎಲ್ಲರೂ ಮೂರು ಮಾತು ಹೇಳ್ತಾರೆ.

ಒಂದು, ಇಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ. ಎರಡು, ಹೊರಗೆ ಜಲಪಾತ ಎಷ್ಟೇ ಭೋರ್ಗರೆದರೂ ಗರ್ಭಗುಡಿಯಲ್ಲಿ ಆ ಸದ್ದು ಕೇಳಿಸಲ್ಲ. ಮೂರು, ಇದಕ್ಕೆಲ್ಲಾ ಕಾರಣ ರಾಮ ಇಲ್ಲಿಗೆ ಬಂದಾಗ ನಡೆದ ಘಟನೆ.

ಮೂರನ್ನೂ ಒಂದೇ ಉಸಿರಲ್ಲಿ ಹೇಳ್ತೀವಿ, ಆದ್ರೆ ಮೂರೂ ಬೇರೆ ಬೇರೆ ಜಾತಿಯ ಮಾತು. ಮೊದಲನೇದು ನೋಡಿ ತಿಳಿಯೋದು. ಹೋಗಿ ಕೈಮುಗಿದು ನೋಡಿದರೆ ಆಯಿತು, ವಾದ ಇಲ್ಲ. ಎರಡನೇದು ಅಳೆದು ತಿಳಿಯೋದು. ಮೂರನೇದು ಕಥೆ. ಅದನ್ನ ಅಜ್ಜಿ ಬಾಯಿಂದ ಕೇಳಬೇಕು, ಮೀಟರಿಂದ ಅಳೆಯೋಕೆ ಹೋಗಬಾರದು. ಸುಳ್ಳು ಅಂತ ಜಗಳ ಆಡೋದೂ ಬೇಡ, ವಿಜ್ಞಾನ ಅಂತ ಸಾಧಿಸೋದೂ ಬೇಡ.

ಎರಡನೇದನ್ನ ಹೇಗೆ ಅಳೆಯೋದು? ಫೋನಲ್ಲಿ ಸೌಂಡ್ ಮೀಟರ್ ಆ್ಯಪ್ ಇರುತ್ತೆ. ಒಂದೇ ಫೋನು, ಒಂದೇ ದಿನ. ಜಲಪಾತದ ಹತ್ತಿರ, ದೇವಸ್ಥಾನದ ಬಾಗಿಲಲ್ಲಿ, ಮಂಟಪದಲ್ಲಿ, ಗರ್ಭಗುಡಿಯ ಮುಂದೆ ಭಕ್ತರು ನಿಲ್ಲೋ ಜಾಗದಲ್ಲಿ, ತಲಾ ಒಂದು ನಿಮಿಷ. ಅರ್ಚಕರನ್ನ ಮೊದಲೇ ಕೇಳಿ, ಪೂಜೆ, ಗಂಟೆ ಇಲ್ಲದ ಹೊತ್ತು ನೋಡಿಕೊಳ್ಳಿ. ಡೆಸಿಬೆಲ್ ಲಾಗ್ ಅಳತೆ ಅನ್ನೋದು ನೆನಪಿರಲಿ: 10 ಡೆಸಿಬೆಲ್ ಇಳಿದರೆ ಶಬ್ದದ ತೀವ್ರತೆ ಹತ್ತನೇ ಒಂದು ಭಾಗಕ್ಕೆ ಇಳಿದಿದೆ, 20 ಇಳಿದರೆ ನೂರನೇ ಒಂದು ಭಾಗಕ್ಕೆ. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಅಳೆಯಬೇಕು, ನೀರು ಒಂದೇ ಸಮ ಇರಲ್ಲ.

ದಪ್ಪ ಕಲ್ಲಿನ ಗೋಡೆ ಶಬ್ದವನ್ನ ಚೆನ್ನಾಗಿ ತಡೆಯುತ್ತೆ. ಸಣ್ಣ ಬಾಗಿಲು, ಒಂದರ ಹಿಂದೆ ಒಂದು ಕೋಣೆ ಇದ್ದಷ್ಟೂ ಒಳಗೆ ಬರೋ ಸದ್ದು ಕಡಿಮೆ. ಹಾಗಾಗಿ ರೀಡಿಂಗ್ ಇಳಿದರೆ ಆಶ್ಚರ್ಯ ಏನಿಲ್ಲ. ಎಷ್ಟು ಇಳಿಯುತ್ತೆ ಅನ್ನೋದು ಪ್ರಶ್ನೆ. 'ಕೇಳಿಸೋದೇ ಇಲ್ಲ' ಮತ್ತು 'ತುಂಬ ಕಡಿಮೆ ಕೇಳಿಸುತ್ತೆ' ಎರಡೂ ಒಂದೇ ಅಲ್ಲ, ಲಿಂಡ್‌ಬರ್ಗ್ ನೆನಪಿಸಿಕೊಳ್ಳಿ. ಉತ್ತರ ಏನೇ ಬಂದರೂ ಕಟ್ಟಿದ ಶಿಲ್ಪಿಗಳ ಮೇಲಿನ ಗೌರವ ಜಾಸ್ತಿ ಆಗುತ್ತೆ ಹೊರತು ಕಡಿಮೆ ಆಗಲ್ಲ.

ನಾವು ಮಾಡಬಹುದಾದ್ದು

ಪ್ರತಿ ದೀಪಾವಳಿಗೆ ಬರೋ ಫೋಟೊ ನಿಮಗೂ ಬಂದಿರುತ್ತೆ: ಅಂತರಿಕ್ಷದಿಂದ ದೀಪಾವಳಿ ರಾತ್ರಿ ಭಾರತ, ಬಣ್ಣ ಬಣ್ಣದ ಬೆಳಕು, ನಾಸಾ ತೆಗೆದಿದ್ದು. ನಿಜ ಏನಂದ್ರೆ ಅದು ಒಂದು ರಾತ್ರಿಯ ಫೋಟೊನೇ ಅಲ್ಲ. ಬೇರೆ ಬೇರೆ ವರ್ಷಗಳ ಉಪಗ್ರಹ ಮಾಹಿತಿ ಸೇರಿಸಿ, ಊರುಗಳು ಹೇಗೆ ಬೆಳೆದಿವೆ ಅಂತ ತೋರಿಸೋಕೆ ಬಣ್ಣ ಕೊಟ್ಟ ನಕ್ಷೆ. 2012ರಲ್ಲಿ ನಾಸಾನೇ ಇದನ್ನ ಬಿಡಿಸಿ ಹೇಳಿತು. ವಿಸ್ಮಯ ಅಂದ್ರೆ, ನಿಜವಾದ ವಿಷಯ ಸುಳ್ಳಿಗಿಂತ ಚೆನ್ನಾಗಿದೆ! ಒಂದೇ ಚಿತ್ರದಲ್ಲಿ ಒಂದು ದೇಶಕ್ಕೆ ಕರೆಂಟು ಹೇಗೆ ಹರಡಿತು ಅಂತ ಕಾಣುತ್ತೆ. ಫಾರ್ವರ್ಡ್ ಮಾಡಿದವರು ನಮ್ಮಿಂದ ಅದನ್ನ ಕಿತ್ತುಕೊಂಡರು.

ಅಪ್ಪ ಅಮ್ಮ, ಚಿಕ್ಕಪ್ಪ, ದೊಡ್ಡಮ್ಮ ಇರೋ ಗ್ರೂಪಲ್ಲಿ "ಇದು ಫೇಕ್" ಅಂತ ಒಂದೇ ಪದ ಹಾಕಿ ಜಗಳ ತರೋದು ಸುಲಭ. ಅವರು ಕಳಿಸೋದು ನಮ್ಮ ಮೇಲಿನ ಪ್ರೀತಿಗೆ, ನಾಡಿನ ಮೇಲಿನ ಅಭಿಮಾನಕ್ಕೆ. ಅದರ ಬದಲು ನಿಜವಾದ ಸಂಗತಿಯನ್ನ ಅಷ್ಟೇ ರುಚಿಯಾಗಿ ಬರೆದು ಹಾಕೋಣ. ಮನೆಯಲ್ಲಿ ಇಂಜಿನಿಯರಿಂಗ್ ಓದ್ತಿರೋರು ಅಂತ ನಮ್ಮ ಮಾತಿಗೆ ಒಂದು ಬೆಲೆ ಇದೆ, ಅದನ್ನ ಉಳಿಸಿಕೊಳ್ಳಬೇಕು.

ಮುಂದಿನ ಸಂಚಿಕೆಯಿಂದ ನಮ್ಮ ಕ್ಲಬ್ ಪತ್ರಿಕೆಯಲ್ಲಿ ಒಂದು ಪುಟ ಇದಕ್ಕೆ ಇಡೋಣ ಅಂತಿದ್ದೀವಿ. ಚಿತ್ರ ಬರೆಯೋರು ಬನ್ನಿ, ಪರ್ಲ್‌ರಾತ್ ಥರ ಲೈಬ್ರರಿಯಲ್ಲಿ ಕೂರೋರೂ ಬನ್ನಿ. ಇಬ್ಬರ ಹೆಸರೂ ಒಂದೇ ಸೈಜಲ್ಲಿ ಹಾಕ್ತೀವಿ. ಕಳಿಸೋಕೆ ಮುಂಚೆ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ:

1. ಇದು ನೋಡಿ ತಿಳಿಯೋದಾ, ಅಳೆದು ತಿಳಿಯೋದಾ, ಕಥೆನಾ?
2. ಯಾವ ಪದ ತೆಗೆದರೆ ಇದರಲ್ಲಿರೋ ವಿಸ್ಮಯ ಹೋಗುತ್ತೆ?
3. ಯಾವ ಊಹೆ ಬದಲಾಯಿಸಿದರೆ ಉತ್ತರ ಬದಲಾಗುತ್ತೆ?
4. ಇದರಲ್ಲಿ ಮನುಷ್ಯರಿದ್ದರೆ, ಅವರ ಮುಂದೆ ನಿಂತು ಇದನ್ನ ಓದಬಹುದಾ?

ಮನೆಕೆಲಸ ಒಂದು: ನಮ್ಮ ಮೆಸ್ಸಿನ ಕ್ಯೂ ಎಂದೂ ಮುಗಿಯಲ್ಲ ಅಂತ ಸಾಧಿಸಿ, ಆಮೇಲೆ ಒಂದೇ ಊಹೆ ಬದಲಾಯಿಸಿ ಮುಗಿಸಿ. ಮಾಡಿದವರು ಎರಡೂ ಲೆಕ್ಕ ಕಳಿಸಿ, ರೀಡಿಂಗ್ ಸಮೇತ.